ಭಾವ ಕೈಯಾರೆ ಕೊಟ್ಟ ಗುಳಿಗೆ

ನನ್ನ ಅಕ್ಕ ಕೊಟ್ರವ್ವನಂಥ ನಿದ್ದೆಬುರುಕಿ ನಮ್ಮ ಸಾರಥಿ ಊರಲ್ಲೇ ಇರಲಿಲ್ಲ. ತನ್ನ ಮದುವೆಯ ಹಂದರದಲ್ಲೇ ತೂಕಡಿಸಿ ಅವ್ವನ ಕೈಲಿ ಚಿವುಟಿಸಿಕೊಂಡವಳು. ಅಂಥವಳಿಗೆ ತೊಂಬತ್ತೆಂಟನೇ ಇಸವಿಯಲ್ಲಿ ಎದೆಯ ಕ್ಯಾನ್ಸರ್ ಬಂತು. ಚಿಕಿತ್ಸೆ ಶುರುವಾದದ್ದೇ ನಿದ್ದೆ ಹಾರಿಹೋಯಿತು. ಒಂದಲ್ಲ ಎರಡಲ್ಲ, ನಾಲ್ಕು ತಿಂಗಳು! ಕೂದಲು ಉದುರಿದ್ದಕ್ಕೆ ಅಳಲಿಲ್ಲ ಅವಳು. "ಒಂದು ರಾತ್ರಿ ಕಣ್ತುಂಬ ಮಲಗಬೇಕು ಕಣೇ, ಆಮೇಲೆ ಏನಾರ ಆಗ್ಲಿ" ಎಂದು ಅಳುತ್ತಿದ್ದಳು. ನಾನೋ ಬಾಯಿಬಡುಕಿ. ಹರಿಹರದಿಂದ ಅವಳಿದ್ದ ದಾವಣಗೆರೆಗೆ ಬಂದು ಬಸ್ಸಿಳಿದವಳೇ, "ಸುಮ್ನೆ ಚಿಂತೆ ಮಾಡ್ತಿ, ಅದಕ್ಕೇ ನಿದ್ದೆ ಬರಲ್ಲ" ಎಂದು ಅವಳನ್ನೇ ಬೈಯುತ್ತಿದ್ದೆ. ನೆನೆದರೆ ಈಗಲೂ ನಾಲಿಗೆ ಕಿತ್ತುಕೊಳ್ಳಬೇಕು ಅನಿಸುತ್ತದೆ.

ಭಾವ ಶಿವಮೂರ್ತಪ್ಪನವರದು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬೆಳಗಿನ ಜಾವ ಮೂರಕ್ಕೆ ಮನೆ ಬಿಟ್ಟರೆ ಬರುವುದು ಮಧ್ಯಾಹ್ನ. ಓದು ಬಾರದ ಅಕ್ಕ ಗುಳಿಗೆಗಳನ್ನು ಅದಲುಬದಲು ನುಂಗಿಬಿಟ್ಟಾಳೆಂದು ಎಲ್ಲವನ್ನೂ ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ರಾತ್ರಿ ರೊಟ್ಟಿ ತಿನ್ನಿಸಿ, ಅಷ್ಟನ್ನೂ ಒಂದೇ ಸಲ ತಮ್ಮ ಕೈಯಾರೆ ನುಂಗಿಸುತ್ತಿದ್ದರು. "ಬಿಳೀದನ್ನ ಬೆಳಿಗ್ಗೆ ಅಂದಿದ್ರಲ್ರೀ ಡಾಕ್ಟ್ರು" ಎಂದು ಅಕ್ಕ ಮೊದಮೊದಲು ಹೇಳಿದ್ದಳಂತೆ. "ಬೆಳಿಗ್ಗೆ ನಾನೆಲ್ಲಿರ್ತೀನಿ? ಯಾವಾಗ ನುಂಗಿದ್ರೇನು, ಹೊಟ್ಟೆಗೆ ಹೋದ್ರೆ ಸೈ" ಎಂದರಂತೆ. ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ, "ಒಂದಿನಾನೂ ತಪ್ಸಿಲ್ರಿ" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಕ್ಯಾನ್ಸರಿನ ಐದನೇ ಸೂಜಿಯಾದ ಮೇಲೆ ಅಕ್ಕನನ್ನು ಹರಿಹರಕ್ಕೆ, ನನ್ನ ಮನೆಗೆ ಕರೆತಂದೆ. ಪಕ್ಕದ ಮನೆಯ ರಶೀದಾ ನರ್ಸು. ಗುಳಿಗೆಗಳನ್ನು ನೋಡಿ, ಯಾವುದನ್ನು ಯಾವಾಗ ಕೊಡುತ್ತೀರಿ ಎಂದು ಕೇಳಿದಳು. ಹೇಳಿದೆ. "ಅಯ್ಯೋ ಕೆಂಚವ್ವಕ್ಕ, ಈ ಬಿಳೀದು ಸ್ಟೀರಾಯ್ಡು, ರಾತ್ರಿ ಕೊಟ್ರೆ ನಿದ್ದೆ ಎಲ್ಲಿಂದ ಬರ್ತೈತೆ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. "ಆ ಮನುಷ್ಯನ್ನ ಭಟ್ಟಿ ಮುಂದೇನೇ ನಿಲ್ಸಿ ಕೇಳ್ತೀನಿ" ಎಂದು ಚಪ್ಪಲಿ ಮೆಟ್ಟಿದೆ. ಅಕ್ಕ ನನ್ನ ಸೆರಗು ಹಿಡಿದಳು. ಆ ಹಿಡಿತದಲ್ಲಿ ಬಲವೇ ಇರಲಿಲ್ಲ.

"ಬ್ಯಾಡ ಕಣೇ. ನನಗೋಸ್ಕರ ಅವರ ಕೈಲಾಗಿದ್ದು ಅದೊಂದೇ. ಅದೂ ತಪ್ಪಾಯ್ತು ಅಂದ್ರೆ ಅವರು ಉಳಿಯಲ್ಲ. ನನ್ನಾಣೆ, ಹೇಳಬ್ಯಾಡ."

ಮರುದಿನದಿಂದ ಬಿಳಿ ಗುಳಿಗೆಯನ್ನು ಬೆಳಿಗ್ಗೆ ಕೊಟ್ಟೆ. ಅದೇ ದಿನ ಭಾವ ಬಂದು, ಭಟ್ಟಿ ಮಾಲೀಕ ಹಯಾತ್ ಸಾಬ್ ದರ್ಗಾದಿಂದ ತಂದುಕೊಟ್ಟ ತಾಯತವನ್ನು ಅಕ್ಕನ ತೋಳಿಗೆ ಕಟ್ಟಿ ಹೋದರು. ಮೂರನೇ ರಾತ್ರಿ ಅಕ್ಕ ಗೊರಕೆ ಹೊಡೆದಳು. ನಾನು ಪಕ್ಕದಲ್ಲಿ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ಮುಂದಿನ ವಾರ ಭಾವ ಬಂದಾಗ ಅಕ್ಕ ನಡುಮಧ್ಯಾಹ್ನವೇ ಬಾಯಿ ತೆರೆದು ಮಲಗಿದ್ದಳು. "ನೋಡ್ದ್ಯಾ, ತಾಯತದ ಮಹಿಮೆ!" ಎಂದು ಪಿಸುಗುಟ್ಟಿದರು. ಸಂಜೆಯವರೆಗೂ ಬಾಗಿಲಲ್ಲೇ ಕೂತು ಬಂದವರನ್ನೆಲ್ಲ ಸುಮ್ಮನಿರಿಸಿದರು. ಹೀಗೆ ಹನ್ನೊಂದು ರಾತ್ರಿ ಮಲಗಿದಳು ನನ್ನಕ್ಕ. ಆಮೇಲೆ ಜ್ವರ ಬಂತು. ನಾಲ್ಕೇ ದಿನ, ಹೋಗಿಬಿಟ್ಟಳು.

ಭಾವ ಈಗಲೂ ಮಂಡಕ್ಕಿ ಚೀಲ ಹಿಡಿದು ಬರುತ್ತಾರೆ. ಚಹಾ ಕುಡಿಯುತ್ತ ಪ್ರತಿ ಸಲವೂ ಅದೇ ಮಾತು.

"ಆ ತಾಯತಾನ ನಾಲ್ಕು ತಿಂಗಳು ಮುಂಚೇನೇ ಕಟ್ಟಬೇಕಿತ್ತು ಕೆಂಚವ್ವ. ನನಗೆ ಹೊಳೀಲೇ ಇಲ್ಲ. ನನ್ನದೇ ತಪ್ಪು."

ಒಂದು ಮಾತನ್ನೂ ಹೊಟ್ಟೆಯಲ್ಲಿಟ್ಟುಕೊಂಡವಳಲ್ಲ ನಾನು.

"ನಿಮ್ದೇನೂ ತಪ್ಪಿಲ್ಲ ಭಾವ" ಎನ್ನುತ್ತೇನೆ. ಎದ್ದು ಹೋಗಿ ಇನ್ನೊಂದಿಷ್ಟು ಚಹಾ ತರುತ್ತೇನೆ.