ಭಾಗಾಬಾಯಿ ಬಿಚ್ಚಿದ ಪಿನ್ನುಗಳು

ಸೊಲ್ಲಾಪುರದ ಸಾತಲಿಂಗಪ್ಪನವರ ಪ್ರೆಸ್ಸಿನಲ್ಲಿ ನಾನು ಅಚ್ಚಿನ ಮೊಳೆ ಜೋಡಿಸುತ್ತಿದ್ದೆ, ಭಾಗಾಬಾಯಿ ಸಣ್ಣ ಪುಸ್ತಕಗಳಿಗೆ ಪಿನ್ನು ಹೊಡೆಯುತ್ತಿದ್ದಳು. ಅಕ್ಕಲಕೋಟೆ ಕಡೆಯ ನಾಗಣಸೂರಿನವಳು. ಮನೆಯಲ್ಲಿ ಆಡುವುದು ಕನ್ನಡ, ಕಲಿತದ್ದು ಮರಾಠಿ ಸಾಲೆ. ಮಡಿಸಿದ ಹಾಳೆಗಳ ಒಂದು ಕಟ್ಟನ್ನು ಇನ್ನೊಂದರ ಹೊಟ್ಟೆಯೊಳಗಿಟ್ಟು, ಮೇಲೆ ರಕ್ಷಾಪುಟ ಹೊದಿಸಿ, ಮಷಿನ್ನಿನ ಪೆಡಲು ತುಳಿದರೆ ಬೆನ್ನಿಗೆ ತಂತಿಯ ಪಿನ್ನು ಕೂರುತ್ತಿತ್ತು. ಅವಳ ಕೆಲಸದಲ್ಲಿ ಯಾರೂ ಕೊಂಕು ತೆಗೆಯುವಂತಿರಲಿಲ್ಲ.

೧೯೭೪ರಲ್ಲಿ ಅವಳ ಕೈಗೆ ಮೊದಲ ಸಲ ಕನ್ನಡ ಪುಸ್ತಕ ಬಂತು. ಅರಿವೆ ವ್ಯಾಪಾರಿ ಕಲ್ಯಾಣಪ್ಪನವರು ತಾಯಿಯ ಪುಣ್ಯತಿಥಿಗೆ ಹಂಚಲು ಮಾಡಿಸಿದ ಭಜನೆಗಳು. ಪುಸ್ತಕಕ್ಕೆ ಎರಡೇ ಕಟ್ಟು, ಒಂದರ ಮೇಲ್ಪುಟದಲ್ಲಿ ಶಿವನ ಚಿತ್ರ. ಅವಳು ಕಂಡ ಮರಾಠಿ ಆರತಿ ಪುಸ್ತಕಗಳಲ್ಲೆಲ್ಲ ದೇವರು ಮೊದಲ ಪುಟದಲ್ಲೇ ಇರುತ್ತಿದ್ದ. ಕನ್ನಡದ ಅಕ್ಷರವಾಗಲಿ ಪುಟದ ಅಂಕಿಯಾಗಲಿ ಅವಳಿಗೆ ಗೊತ್ತಿರಲಿಲ್ಲ. ಶಿವನಿದ್ದ ಕಟ್ಟನ್ನು ಹೊರಗಿಟ್ಟು ಅಷ್ಟೂ ಪುಸ್ತಕಗಳಿಗೆ ಪಿನ್ನು ಹೊಡೆದಳು. ಆದರೆ ಈ ಪುಸ್ತಕದಲ್ಲಿ ಶಿವ ಇರಬೇಕಾದದ್ದು ನಡುವೆ, ಒಳಗಿನ ಕಟ್ಟಿನಲ್ಲಿ!

ಕಲ್ಯಾಣಪ್ಪನವರು ತೆರೆದು ನೋಡಿದರೆ ಒಂದು ಹಾಡಿನ ತಲೆಗೆ ಇನ್ನೊಂದರ ಬಾಲ. ಸಾತಲಿಂಗಪ್ಪನವರು ಉರಿದುಬಿದ್ದರು.

"ಇನ್ನ ಕನ್ನಡ ಕೆಲಸ ನಿನಗ ಬ್ಯಾಡ ಬಾಯಿ. ಹೊರಗ ಕೊಡ್ತೀನಿ."

"ನನ್ನ ಮಾತಿನ ಪುಸ್ತಕ ನನಗ ಬ್ಯಾಡಂದ್ರ ಹ್ಯಾಂಗ್ರಿ ಮಾಲಕರ? ಇವನ್ನೆಲ್ಲ ಬಿಚ್ಚಿ ಸರಿ ಮಾಡ್ತೀನಿ. ಓದಾಕೂ ಕಲೀತೀನಿ."

ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಕಟ್ಟುಗಳನ್ನು ಅದಲುಬದಲು ಮಾಡಿದಳು. ಮತ್ತೆ ಮಷಿನ್ನಿಗೆ ಕೊಟ್ಟರೆ ಹೊಸ ತೂತು ಬಿದ್ದು ಬೆನ್ನು ಹರಿಯುತ್ತದೆ. ಅದಕ್ಕೆ ಹಳೇ ತೂತಿಗೇ ಹೊಸ ತಂತಿ ಕೈಯಿಂದ ತೂರಿಸಿ, ಚಮಚದ ಬೆನ್ನಿನಿಂದ ಮಣಿಸಿದಳು. ಚುಚ್ಚಿದ ಬೆರಳಿಗೆ ಚಿಂದಿ ಸುತ್ತಿಕೊಂಡಳು, ಪುಸ್ತಕಕ್ಕೆ ಕಲೆ ತಾಗಗೊಡಲಿಲ್ಲ. ಪುಣ್ಯತಿಥಿಗೆ ಪುಸ್ತಕ ಸರಿಯಾಗಿ ಹೋಯಿತು. ಆದರೂ ಮುಂದಿನ ಕನ್ನಡ ಪುಸ್ತಕವನ್ನು ಮಾಲಕರು ಪಿನ್ನು ಹೊಡೆಸಲು ಹೊರಗೇ ಕಳಿಸಿದರು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಅವಳು ಸಿಟ್ಟಿಗೆ ಹೊತ್ತು ಕೊಡಲಿಲ್ಲ. ಊಟದ ಬಿಡುವಿನಲ್ಲಿ ನನ್ನೆದುರು ಬಂದು ಕೂತಳು.

"ಶಾಂತಪ್ಪಣ್ಣ, ಅಕ್ಷರ ತೋರಸ್ರಿ."

ಕೈಯಲ್ಲಿದ್ದ ಸೀಸದ ಮೊಳೆ ತೋರಿಸಿದೆ. ಮೊಳೆಯಲ್ಲಿ ಅಕ್ಷರ ತಿರುಗಿರುತ್ತದಲ್ಲ!

"ಕನ್ನಡ ಹಿಂಗ ಉಲ್ಟಾ ಬರೀತಾರೇನ್ರಿ?" ಎಂದು ನಕ್ಕಳು. ಆಮೇಲೆ ಪ್ರೂಫ್ ಹಾಳೆ ಹಿಡಿದು ಕೂತವಳು ಪಟ್ಟು ಬಿಡಲಿಲ್ಲ.

ಮರುವರ್ಷ ಇನ್ನೊಂದು ಕನ್ನಡ ಹಾಡಿನ ಪುಸ್ತಕ ಅಚ್ಚಾಯಿತು. ಹೊರಗೆ ಕಳಿಸಲೆಂದು ಮಾಲಕರು ಕಟ್ಟುಗಳ ಹೊರೆ ಎತ್ತಿಕೊಂಡರು. ಭಾಗಾಬಾಯಿ ಅಡ್ಡ ನಿಂತಳು. ಮೇಲಿನ ಕಟ್ಟು ತೆಗೆದು ಮೊದಲ ಸಾಲಿಗೆ ಬೆರಳಿಟ್ಟಳು, ಎರಡನೇ ಅಕ್ಷರಕ್ಕೇ ತಡವರಿಸಿದಳು. ಮಾಲಕರು ತಾವೇ ಓದಲು ಬಾಯಿ ತೆರೆದರು. ಅವಳು ಅಂಗೈಯಿಂದ ಪುಟ ಮುಚ್ಚಿದಳು.

"ತಡೀರಿ ಮಾಲಕರ. ನಾ ಓದ್ತೀನಿ."

ಅವಳು ಹಾಡು ಓದಿ ಮುಗಿಸುವವರೆಗೂ ಮಾಲಕರು ಹೊರೆ ಹೊತ್ತುಕೊಂಡೇ ನಿಂತಿದ್ದರು. ಆಮೇಲೆ ಅದನ್ನು ಅವಳ ಮಷಿನ್ನಿನ ಪಕ್ಕಕ್ಕೆ ಇಳಿಸಿದರು.