ಮಣ್ಣು ತುಳಿಸಿದ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗಿವಿ ಎಡಗಿವಿಗಿಂತ ಎದ್ದುಕಾಣುವಷ್ಟು ಉದ್ದವಾಗಿತ್ತು. ಚಿಕ್ಕಂದಿನಲ್ಲಿ ಮಗ್ಗಿ ತಪ್ಪಿದಾಗಲೆಲ್ಲ ಅವರ ಮೇಷ್ಟ್ರು ಅದನ್ನೇ ಹಿಡಿದು ಎಳೆಯುತ್ತಿದ್ದರಂತೆ. "ಕಿವಿ ಬೆಳೀತು ಕಣ್ರೋ, ಮಗ್ಗಿ ಬರಲಿಲ್ಲ" ಎಂದು ತಾವೇ ಹೇಳಿ ನಗುತ್ತಿದ್ದರು. ಯಾರಾದರೂ ದೂರು ತಂದರೆ ಆ ಕಿವಿಯನ್ನೇ ಮುಂದೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕೇಳುತ್ತ ಕೂರುವರು.

ಹನಗೋಡಿನ ನಮ್ಮ ಸ್ಕೂಲಿಗೆ ಅವರು ಬಂದದ್ದು ಮಹಾರಾಜರ ಕಾಲದಲ್ಲಿ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ. ಹಿಂದಿನ ಮೇಷ್ಟ್ರು ಬಿಟ್ಟುಹೋದ ಹುಣಸೆ ಬರಲು ಮೂಲೆಯಲ್ಲಿತ್ತು. ಇವರು ಅದನ್ನು ತೆಗೆದು, ಕಿಟಕಿಯ ಬಾಗಿಲು ಬಡಿದುಕೊಳ್ಳದಂತೆ ಆನಿಸಿಟ್ಟರು. ಊರಿಗೆ ಇದು ಒಗ್ಗಲಿಲ್ಲ. ಹೊಡೆಯದ ಮೇಷ್ಟ್ರಿಗೆ ಸಂಬಳ ಯಾಕೆ ಎಂದು ಗಂಡಸರು ಮಾತಾಡಿಕೊಂಡರು. ನಮ್ಮವ್ವನಂತೂ, "ಪಾಪ, ಕೈಲಿ ಸಕ್ತಿ ಇಲ್ವೇನೋ, ಒಟ್ಟೆಗೆ ಸರ್‍ಯಾಗಿ ತಿಂತಾರೋ ಇಲ್ವೋ" ಎಂದು ಮರುಗಿದಳು.

ನಾನು ಕುಂಬಾರರ ಮನೆಯವಳು. ಸಂತೆಯ ದಿನ ಸ್ಕೂಲಿಗೆ ಮುಂಚೆ ಮಡಕೆಗಳನ್ನು ತಲೆಯ ಮೇಲೆ ಹೊತ್ತು ಸಂತೆಮಾಳಕ್ಕೆ ಮುಟ್ಟಿಸುವುದು ನನ್ನ ಕೆಲಸ. ಒಂದು ಸಲ ಹೀಗೆ ಹೋಗುತ್ತಿದ್ದಾಗ ಪಟೇಲರ ಮಗ, ನನ್ನ ಕ್ಲಾಸಿನವನೇ, ಗೆಳೆಯರ ಜೊತೆ ಪಂತ ಕಟ್ಟಿದ. ಕೆಳಗಿನ ಮಡಕೆಗಳಿಗೆ ತಾಗದ ಹಾಗೆ ಮೇಲಿನದೊಂದಕ್ಕೇ ಕಲ್ಲು ಹೊಡೆಯುತ್ತೇನೆ ಅಂತ. ಅವನ ಗುರಿ ತಪ್ಪಲಿಲ್ಲ. ಕಲ್ಲು ಮೇಲಿನದಕ್ಕೇ ತಾಗಿತು. ನಾನು ಬೆಚ್ಚಿಬಿದ್ದೆ, ಮಿಕ್ಕ ಮಡಕೆಗಳು ತಮ್ಮಷ್ಟಕ್ಕೆ ತಾವೇ ನೆಲ ಸೇರಿದವು.

ಅಳುತ್ತ ಸ್ಕೂಲಿಗೆ ಓಡಿದೆ. ಮೇಷ್ಟ್ರು ಕಿವಿ ಮುಂದೆ ಮಾಡಿ ಎಲ್ಲ ಕೇಳಿದರು. ಆಮೇಲೆ, "ಈಗ ನಿನಗೇನಾಗಬೇಕಮ್ಮ?" ಎಂದರು. ದೊಡ್ಡವರು ಯಾರೂ ನನ್ನನ್ನು ಆವರೆಗೆ ಹಾಗೆ ಕೇಳಿರಲಿಲ್ಲ. ನನಗೆ ಗೊತ್ತಿದ್ದ ಉತ್ತರ ಒಂದೇ.

"ಒಡೀರಿ ಸಾ ಅವನ್ನ."

"ಒಡೆಯೋ ಕೆಲಸ ಅವನು ಆಗಲೇ ಮಾಡಿದಾನಲ್ಲಮ್ಮ. ನೀನು ಹೇಳ್ತಿರೋದು ಹೊಡೀರಿ ಅಂತ."

"ಊಂ ಸಾ. ಒಡೀರಿ."

"ಹೊಡೆದರೆ ಮಡಕೆ ವಾಪಸ್ ಬರುತ್ತಾ?"

ನಾನು ನಿಜವಾಗಿಯೂ ಯೋಚಿಸಿದೆ. "ಬರಾಕಿಲ್ಲ ಸಾ. ಆದ್ರೂ ಒಡೀರಿ."

ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು, ಆದರೆ ಹೊಡೆಯಲಿಲ್ಲ. ಅವರದೊಂದು ಪದ್ಧತಿಯಿತ್ತು. ಜಗಳವಾಡಿದ ಇಬ್ಬರೂ ಎದುರುಬದುರು ಕೂತು, ಇವರ ಮಾತನ್ನು ಅವರು, ಅವರ ಮಾತನ್ನು ಇವರು ಹೇಳಬೇಕು. ಎದುರಿಗಿದ್ದವರು "ಸರಿ, ಹಂಗೇ" ಅನ್ನುವವರೆಗೂ ಬಿಡುತ್ತಿರಲಿಲ್ಲ. ಮೊದಲ ಸರದಿ ನನ್ನದಾಯಿತು.

"ನಾನು ಪಟೇಲರ ಮಗ. ನಾನು ದೊಡ್ಡ ಕತ್ತೆ."

"ಅವನು ತನ್ನನ್ನ ತಾನೇ ಕತ್ತೆ ಅಂದ್ಕೊಂಡಿರಲ್ಲಮ್ಮ. ಅವನ ತಲೆ ಒಳಗೆ ಹೊಕ್ಕು ನೋಡಿ ಹೇಳು."

"ಅಲ್ಲೇನೂ ಇಲ್ಲ ಸಾ."

ಕೊನೆಗೆ ಒಲ್ಲದ ಮನಸ್ಸಿನಿಂದ, "ನನ್ ಗುರಿ ಎಷ್ಟು ಚೆನ್ನಾಗದೆ ಅಂತ ಎಲ್ರಿಗೂ ತೋರಿಸ್ಬೇಕು ಅನ್ನುಸ್ತು" ಎಂದೆ. ಅವನು ಆಶ್ಚರ್ಯದಿಂದ ನನ್ನ ಮುಖ ನೋಡಿ, "ಸರಿ, ಅಂಗೇ" ಎಂದ.

ಅವನ ಸರದಿ ಬಂತು. ಸೊಂಟದ ಮೇಲೆ ಕೈಯಿಟ್ಟು, ಕೀರಲು ದನಿಯಲ್ಲಿ, "ನಾನು ಕುಂಬಾರ್ರ ಉಡುಗಿ" ಎಂದ. ಹುಡುಗರೆಲ್ಲ ಹೋ ಎಂದರು. "ಮಡಕೆ ಒತ್ಕಂಡು ಓಯ್ತಿದ್ದೆ. ನಮ್ಮಪ್ಪ ಮಾಡಿದ್ದು. ಎಲ್ಲಾ ಒಡೆದೋದ್ವು. ಈಗ ಮನೇಗೋಗಿ ಅವ್ವನ್ಗೆ…" ಅಲ್ಲಿಗೆ ದನಿ ನಿಂತಿತು. ನೆಲ ನೋಡುತ್ತ ಕೂತವನು, ಯಾರೂ ಕೇಳದೆಯೇ, "ಒಸಾವು ಮಾಡ್ಕೊಡ್ತೀನಿ ಸಾ" ಎಂದ.

"ಮಡಕೆ ಮಾಡಕ್ಕೆ ಬರುತ್ತೇನೋ?"

"ಇಲ್ಲ ಸಾ."

"ಹಾಗಾದರೆ ಕಲಿ. ಸಂಜೆ ಹೋಗೋಣ."

ಸಂಜೆ ಮೇಷ್ಟ್ರು ಅವನನ್ನು ಕರೆದುಕೊಂಡು ಬಂದಾಗ ಅಪ್ಪ ಕೆಲಸ ಬಿಟ್ಟು ಮಡಕೆ ಸುಡುವ ಗೂಡಿನ ಹಿಂದೆ ಅವಿತುಕೊಂಡ. ಅವ್ವ ಕೈಮುಗಿದು, "ಬ್ಯಾಡಿ ಸ್ವಾಮಿ, ಪಟೇಲರ ಮಗನ ಕೈಲಿ ಮಣ್ಣು ತುಳಿಸುದ್ರೆ ನಾವು ಊರ್ ಬುಡಬೇಕಾಯ್ತದೆ" ಎಂದು ಅಳುವಂತಾದಳು. ಮೇಷ್ಟ್ರು ಪಂಚೆಯನ್ನು ಮೊಣಕಾಲಿನ ಮೇಲೆ ಎತ್ತಿಕಟ್ಟಿ, "ಇಬ್ಬರೂ ತುಳಿಯೋಣ ಬಾರೋ" ಎಂದು ಹದಮಾಡಿದ್ದ ಜೇಡಿಮಣ್ಣಿಗೆ ಇಳಿದರು. ಎರಡನೇ ಹೆಜ್ಜೆಗೇ ಜಾರಿ, ದೊಪ್ಪನೆ ಕೂತರು.

"ಅಯ್ಯೋ! ಅಂಗಲ್ಲ ಕಣ್ ಸ್ವಾಮಿ, ಇಮ್ಮಡಿ ಊರಿ ತುಳೀಬೇಕು!" ಎಂದು ಅವ್ವ ಗದರಿಯೇ ಬಿಟ್ಟಳು. ಗದರಿದ ಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಷ್ಟ್ರು ಕೂತಲ್ಲಿಂದಲೇ, "ತೋರಿಸಿಕೊಡಿ ಮತ್ತೆ" ಎಂದರು. ಪಟೇಲರ ಮಗ ನಕ್ಕೂ ನಕ್ಕೂ ತಾನೂ ಬಿದ್ದ. ಗೂಡಿನ ಹಿಂದಿನಿಂದ ಅಪ್ಪನ ನಗುವೂ ಕೇಳಿಸಿತು.

ಹುಡುಗ ದಿನಾ ಸಂಜೆ ಬರತೊಡಗಿದ. ಸುದ್ದಿ ಪಟೇಲರಿಗೆ ಮುಟ್ಟಿತು. ಮೀಸೆ ಕುಣಿಸುತ್ತ ಸ್ಕೂಲಿಗೇ ಬಂದರು.

"ಏನ್ ಮೇಷ್ಟ್ರೇ, ನನ್ ಮಗ ತಪ್ ಮಾಡುದ್ರೆ ಒಡೀರಿ. ಚರ್ಮ ಸುಲೀರಿ. ಬ್ಯಾಡ ಅಂದೋರ್‍ಯಾರು? ಅದ್ಬುಟ್ಟು ಕುಂಬಾರ್ರ ಅಟ್ಟೀಲಿ ಮಣ್ ತುಳಿಸಾದಾ?"

"ಬನ್ನಿ ಪಟೇಲರೇ, ಕೂತ್ಕೊಳ್ಳಿ. ಮೊದಲು ಈ ಮಗುವಿನ ಮಾತು ನೀವು ಹೇಳಿ. ಆಮೇಲೆ ನಿಮ್ಮ ಮಾತು ಅವಳು ಹೇಳ್ತಾಳೆ."

ಪಟೇಲರು ಬಿರುಗಾಳಿಯಂತೆ ಹೊರಟುಹೋದರು. ಸ್ವಲ್ಪ ದಿನದಲ್ಲೇ ಮೇಷ್ಟ್ರಿಗೆ ಕಾಕನಕೋಟೆ ಕಾಡಿನ ಕಡೆಗೆ, ಅಂತರಸಂತೆಗೆ ವರ್ಗವಾಯಿತು. ಆಗೆಲ್ಲ ಆ ಕಡೆ ಹೋದವರು ಚಳಿಜ್ವರ ಹೊತ್ತುಕೊಂಡೇ ಬರುತ್ತಿದ್ದರು, ಬಂದರೆ.

ಇಷ್ಟರಲ್ಲಿ ಪಟೇಲರ ಮಗ, ಒಡೆದದ್ದಕ್ಕೆ ಬದಲು ಮಡಕೆಗಳನ್ನು ನಮ್ಮಪ್ಪನ ಜೊತೆ ಕೂತು ಮಾಡಿಕೊಟ್ಟಿದ್ದ. ತಾನೊಬ್ಬನೇ ಮಾಡಿದ ಒಂದನ್ನು ಮನೆಗೆ ಒಯ್ದ. ಅವನ ಅಜ್ಜಿ ಅದರಲ್ಲೇ ಉಪ್ಸಾರು ಮಾಡಿದರಂತೆ. ಮುದ್ದೆ ಉಂಡು ಕೈ ನೆಕ್ಕುತ್ತಿದ್ದ ಪಟೇಲರ ಕಣ್ಣು ಒಲೆಯ ಕಡೆ ಹೋಯಿತು. "ಇದ್ಯಾಕವ್ವ ಮಡಕೆ ಕುಡುದೋನಂಗೆ ವಾಲ್ಕಂಡದೆ?"

"ನಿನ್ ಮಗ ಮಾಡಿದ್ದು ಕಣಪ್ಪ. ನೀನು ಅವನ ವಯಸ್ನಲ್ಲಿ ಒಡೆದಿದ್ ಬುಟ್ರೆ ಏನ್ ಮಾಡಿದ್ದೆ?"

ಪಟೇಲರು ಮಾರನೆಯ ದಿನ ಗಾಡಿ ಕಟ್ಟಿಸಿ ವರ್ಗ ನಿಲ್ಲಿಸಲು ಹುಣಸೂರಿಗೆ ಹೋದರು. ಅಲ್ಲಿದ್ದ ಸ್ಕೂಲ್ ಇನ್‌ಸ್ಪೆಕ್ಟರ್ ಸಾಹೇಬರು, "ಬೇಡ ಅಂದೋರೂ ನೀವೇ, ಬೇಕು ಅನ್ನೋರೂ ನೀವೇ. ನಾವೇನು ಇಲ್ಲಿ ಆಟ ಆಡ್ತಿದೀವಾ?" ಎಂದು ಕಳಿಸಿಬಿಟ್ಟರು.

ಮೇಷ್ಟ್ರು ಹೊರಡುವ ದಿನ ಪಟೇಲರು ಸ್ಕೂಲಿಗೆ ಬಂದು, "ತಪ್ಪಾಯ್ತು ಮೇಷ್ಟ್ರೇ, ಏನ್ ಮಾಡ್ಲಿ ಏಳಿ" ಎಂದರು.

"ಆವತ್ತು ಹೇಳದೆ ಹೊರಟುಹೋದಿರಲ್ಲ, ಅದೊಂದು ಹೇಳಿಬಿಡಿ."

ಪಟೇಲರು ನಮ್ಮ ಮಣೆಯ ಮೇಲೆ, ನನ್ನೆದುರಿಗೆ ಕೂತರು. ಮೀಸೆ ಒರೆಸಿಕೊಂಡರು. ಗಡಸು ದನಿಯಲ್ಲಿ, "ನಾನು… ಕುಂಬಾರ್ರ ಉಡುಗಿ" ಎಂದರು.

ಹೆಂಚು ಹಾರಿಹೋಗುವಂತೆ ನಕ್ಕೆವು. ಮೇಷ್ಟ್ರು ಕೈಯೆತ್ತಿದರು. ಪಟೇಲರು ಬೆವರುತ್ತ ಮುಂದುವರಿಸಿದರು. "ಪಟೇಲ ಬಂದಾನು ಅಂತ ನಮ್ಮಪ್ಪ ಗೂಡಿನ ಇಂದೆ ಅವಿತ್ಕತಾನೆ. ಮಡಕೆ ಒಡೆದಿದ್ದು ಅವನ ಮಗ. ಎದರ್ಕಳಾದು ನಮ್ಮಪ್ಪ." ಆಮೇಲೆ ನನ್ನ ಮುಖ ನೋಡಿ ಕಾದರು. ಊರಿನ ಪಟೇಲರು ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ಸರಿ, ಅಂಗೇ" ಎಂದೆ.

ವರ್ಗವಾದ ಎರಡನೇ ಮಳೆಗಾಲದಲ್ಲಿ ಮೇಷ್ಟ್ರು ಅಂತರಸಂತೆಯಲ್ಲೇ ಜ್ವರದಿಂದ ತೀರಿಕೊಂಡರು. ಕಾಯಿಲೆಯ ಸುದ್ದಿ ಕೇಳಿ ಪಟೇಲರು ಕ್ವಿನೈನ್ ಕೊಂಡು ಹೋಗಿದ್ದರಂತೆ, ಅದು ನಾಟಲಿಲ್ಲ. ವಾಪಸು ಬಂದವರು ನೇರ ನಮ್ಮ ಅಂಗಳಕ್ಕೆ ಬಂದು, ಅಪ್ಪನ ಪಕ್ಕ ನೆಲದ ಮೇಲೆ ಕೂತರು. "ಈ ಉಡುಗಿ ಓದು ನಿಲ್ಬಾರ್ದು ಅಂದ್ರು ಕಣ್ಲಾ. ಕೊನೇಲಿ ಅದೊಂದೇ ಮಾತು" ಎಂದು ಪಂಚೆಯ ತುದಿಯಿಂದ ಮೂಗು ಒರೆಸಿಕೊಂಡರು.

ನಾನು ಹುಣಸೂರಿನ ಮಿಡ್ಲ್ ಸ್ಕೂಲಿಗೆ ಹೋದದ್ದು, ಮುಂದೆ ನಾನೂ ಮಕ್ಕಳಿಗೆ ಪಾಠ ಹೇಳುವಂತಾದದ್ದು ಆ ಮಾತಿನಿಂದ. ಮೊದಲ ದಿನ ಪಟೇಲರ ಗಾಡಿಯಲ್ಲೇ ಹೋದೆ. ಮುಂದೆ ಕೂತು ಎತ್ತು ಹೊಡೆಯುತ್ತಿದ್ದವನು ಅವರ ಮಗ. ಊರು ದಾಟಿದ ಮೇಲೆ ನನಗೆ ಮೇಷ್ಟ್ರ ನೆನಪಾಗಿ ಅಳು ಬಂತು. ಅವನು ತಿರುಗಿ ನೋಡಲಿಲ್ಲ. ನಾನು ಅತ್ತು ಮುಗಿಸಿ ಮುಖ ಒರೆಸಿಕೊಳ್ಳುವವರೆಗೂ ಗಾಡಿಯನ್ನು ನಿಧಾನವಾಗಿ ನಡೆಸಿದ.