ಬಂಡೆಪ್ಪನ ಕೆಂಪು ಕ್ಯಾಮೆರಾ

ಬಂಡೆ ನೀರಿಗೆ ಬಿದ್ದರೆ ಮುಳುಗುತ್ತದೆ. ಬಂಡೆಪ್ಪ ಮುಳುಗಿ ಮೇಲೆ ಬರುತ್ತಿದ್ದ. ವರ್ಷಕ್ಕೆ ಎರಡು ಸಲದಂತೆ ಒಂಬತ್ತು ವರ್ಷ, ಹೈದರಾಬಾದಿನ ಗಚ್ಚಿಬೌಲಿಯ ನಮ್ಮ ಅಪಾರ್ಟ್‌ಮೆಂಟಿನ ಹಿಂದಿರುವ ಬಾವಿಯಲ್ಲಿ ಅವನು ಇದೇ ಕೆಲಸ ಮಾಡಿದ. ಹಿಂದೆ ಇಲ್ಲಿ ದ್ರಾಕ್ಷಿ ತೋಟ ಇತ್ತಂತೆ. ತೋಟ ಹೋಗಿ ಏಳು ಟವರ್‌ಗಳು ಎದ್ದವು, ಬಾವಿ ಮಾತ್ರ ಉಳಿಯಿತು. ನಮ್ಮ ಹುಲ್ಲುಹಾಸು ಹಸಿರಾಗಿರುವುದು ಅದರ ನೀರಿನಿಂದ. ಬೇಸಿಗೆಯಲ್ಲಿ ನಮ್ಮ ಬಚ್ಚಲುಗಳು ಒದ್ದೆಯಾಗುವುದೂ ಅದರಿಂದಲೇ.

ಬಾವಿಯ ತಳದಲ್ಲಿ ಪೈಪಿನ ಬಾಯಿಗೆ ಒಂದು ಜಾಲರಿ ಇದೆ. ಅದಕ್ಕೆ ಹೂಳು ಮೆತ್ತಿಕೊಳ್ಳುತ್ತದೆ. ಬಂಡೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಉಸಿರು ಹಿಡಿದು ಇಳಿದು ಅದನ್ನು ತೊಳೆದು ಬರುತ್ತಿದ್ದ. ಹಗ್ಗದ ಇನ್ನೊಂದು ತುದಿ ಹೆಂಡತಿ ಸುಗಲಮ್ಮನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಎಲ್ಲ ಸರಿ, ಎರಡು ಸಲ ಜಗ್ಗಿದರೆ ಸಡಿಲ ಬಿಡು, ಮೂರು ಸಲ ಜಗ್ಗಿದರೆ ಎಳೆ. ಆ ಹಗ್ಗವನ್ನು ಅವನು ಬೇರೆ ಯಾರ ಕೈಗೂ ಕೊಟ್ಟವನಲ್ಲ.

ಗಂಡ ಹೆಂಡತಿ ಇಬ್ಬರೂ ಶಹಾಪುರದ ಕಡೆಯವರು. ಕಾಂಕ್ರೀಟಿನ ಕೆಲಸಕ್ಕೆಂದು ಹೈದರಾಬಾದಿಗೆ ಬಂದು ಇಪ್ಪತ್ತೆರಡು ವರ್ಷ. ಪಟಾನ್‌ಚೆರುವಿನಲ್ಲಿ ಒಂದು ಕೋಣೆ. ದಿನಾ ಬೆಳಿಗ್ಗೆ ಕೂಲಿಯವರು ಸೇರುವ ಅಡ್ಡಾದಲ್ಲಿ ನಿಂತಾಗ ಮೇಸ್ತ್ರಿ "ಏ, ನೀನು, ನೀನು, ಆ ಮುದುಕ" ಎಂದು ಎಣಿಸಿ ಲಾರಿ ಹತ್ತಿಸುತ್ತಿದ್ದ. ಆ ಮುದುಕನೇ ಬಂಡೆಪ್ಪ, ವಯಸ್ಸು ಐವತ್ತಮೂರು. ಹೆಸರು ಹಿಡಿದು ಕರೆದು, ಕುರ್ಚಿ ಹಾಕಿ, ಚಹಾ ಕೊಟ್ಟು, "ಬಂಡೆಪ್ಪ, ಏನಂತದೆ ಬಾವಿ?" ಎಂದು ಕೇಳುತ್ತಿದ್ದ ಜಾಗ ಇಡೀ ಊರಿನಲ್ಲಿ ಇದೊಂದೇ. ಅವನ ಅಪ್ಪ ಬಾವಿ ತೋಡುವವನು. "ನಮ್ಮಪ್ಪನ ವಿದ್ಯಾ ಅಂತ ನನಗ ಉಳದಿದ್ದು ಇದೊಂದ ಬಾವಿ ನೋಡ್ರಿ" ಎನ್ನುತ್ತಿದ್ದ.

ಈ ಬಾವಿಗೆ ಕುತ್ತು ತಂದವರು ಹೇಮಂತ. ಮೈಸೂರಿನ ಹುಡುಗ, ಕಂಪ್ಯೂಟರ್ ಕೆಲಸ, ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, ಭಾವಿ ಅಧ್ಯಕ್ಷ. ಬಾವಿ ಭಾವಿ ಅಧ್ಯಕ್ಷರ ಕೈಗೆ ಸಿಕ್ಕಿತು. ಕೆಟ್ಟವರಲ್ಲ, ಪಾಪ. "ಸಾರ್, ಬಂಡೆಪ್ಪ ಕೆಳಗೆ ಹೋಗಿ ಏನು ಮಾಡ್ತಾನೆ ಅಂತ ಯಾರಿಗೂ ಗೊತ್ತಿಲ್ಲ. ಗ್ರೂಪಲ್ಲಿ ಕೇಳ್ತಾರೆ. ತಳದ ಫೋಟೋ ಬೇಕು, ಜಾಲರಿದು, ಗೋಡೇದು. ಈ ಸಲ ಫೋಟೋ ಇಲ್ಲ ಅಂದ್ರೆ ಮಿಷಿನ್ ಇಳಿಸೋ ಕಂಪನಿಗೆ ಕೊಡಿ ಅಂತಿದಾರೆ" ಎಂದರು.

ಬಂಡೆಪ್ಪ ತನ್ನ ಫೋನನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದರ ಬಾಯಿಗೆ ದಾರ ಬಿಗಿದು ಇಳಿದ. ನೀರೊಳಗೆ ಅದು ಬೆರಳನ್ನು ಗುರುತಿಸಲಿಲ್ಲ. ಮೇಲೆ ಬಂದ ಮೇಲೆ ಯಾರನ್ನೂ ಗುರುತಿಸಲಿಲ್ಲ.

ಹೇಮಂತರೇ ಮರುಗಿ ಎರಡು ಕ್ಯಾಮೆರಾಗಳ ಹೆಸರು ಬರೆದುಕೊಟ್ಟರು. ನೀರು, ಧೂಳು, ಬೀಳುವುದು, ಎಲ್ಲ ತಡೆಯುವ ಗಟ್ಟಿ ಪುಟಾಣಿ ಕ್ಯಾಮೆರಾಗಳು, 'ರಗ್ಗಡ್' ಎಂದರು. ಬಂಡೆಪ್ಪ ಚೀಟಿ ಹಿಡಿದು ನನ್ನ ಬಾಗಿಲಿಗೆ ಬಂದ. ನಾನು ಕಾನ್ವೆಂಟ್ ಸಿಸ್ಟರ್‌ಗಳ ಶಾಲೆಯಲ್ಲಿ ಓದಿದವನು. ನನಗೆ ಇಂಗ್ಲಿಷ್ ಬರುತ್ತದೆ ಎಂಬ ಆರೋಪ ಮೊದಲಿನಿಂದಲೂ ಇದೆ.

"ಸಾಹೇಬ್ರ, ರಗ್ಗಡ್ ಅಂದ್ರ ರಗ್ಗಿನಂಗ ದಪ್ಪ ಇರತೈತೇನ್ರಿ?"

"ಇಲ್ಲಪ್ಪ. ನಿನ್ನಂಗ ಇರತೈತಿ. ಎತ್ತಿ ಒಗದರೂ ಒಡಿಯಂಗಿಲ್ಲ."

"ಹಂಗಾರ ಒಂದು ನಾನ ಅದೀನಲ್ರಿ, ಇನ್ನೊಂದು ಯಾಕ?" ಎಂದು ನಕ್ಕ. ನಕ್ಕಿದ್ದು ಅಷ್ಟೇ, ಮುಂದಿನ ಮೂರು ವಾರ ಇಬ್ಬರೂ ನಗಲಿಲ್ಲ.

ಎರಡರಲ್ಲಿ ಒಂದು ಕೆಂಪು, ಒಂದು ಕಪ್ಪು. ಎರಡನ್ನೂ ಮಾಡುವುದು ನಿಲ್ಲಿಸಿದ್ದಾರಂತೆ. ಕೋಠಿ ಬಜಾರಿನ ಒಂದು ಗಲ್ಲಿಯಲ್ಲಿ ಹಳೆಯ ಕ್ಯಾಮೆರಾ ಮಾರುವ ಮನೋಜನ ಬಳಿ ತಲಾ ಒಂದು ಉಳಿದಿತ್ತು. ನಾನು ಅವುಗಳ ಗುಣಾವಳಿಯನ್ನು ಕಾಗದಕ್ಕಿಳಿಸಿ ಓದಿ ಹೇಳತೊಡಗಿದೆ. ಕೆಂಪು ಹದಿನೈದು ಮೀಟರ್ ಆಳಕ್ಕೆ ಹೋಗುತ್ತದೆ, ಕಪ್ಪು ಮೂವತ್ತು.

"ಮೀಟರ್ ಬ್ಯಾಡ್ರಿ, ಆಳಿನ ಲೆಕ್ಕದಾಗ ಹೇಳ್ರಿ" ಎಂದ. ಬಾವಿಯವರಿಗೆ ಅಳತೆಗೋಲು ಮನುಷ್ಯನೇ. ನಮ್ಮ ಬಾವಿಯಲ್ಲಿ ಮೂರಾಳು ನೀರು.

"ಕೆಂಪು ಎಂಟಾಳು. ಕಪ್ಪು ಹದಿನಾರಾಳು."

"ಹದಿನಾರಾಳು ನೀರು ಯಾರ ಬಾವ್ಯಾಗ ಐತ್ರಿ? ಅಲ್ಲಿ ಇಳದು ನಾನರೆ ಮ್ಯಾಲ ಬರ್ತೀನೇನು, ಬರೇ ಕ್ಯಾಮೆರಾ ಬರತೈತಿ."

ಆಳ, ಆಳು, ಅಳು ಮೂರೂ ಒಂದೇ ಮನೆಯ ಮಕ್ಕಳ ಹಾಗಿವೆ ಎಂದು ನಾನು ಹೇಳಿದೆ. ಬಂಡೆಪ್ಪ ನನ್ನನ್ನು ಕನಿಕರದಿಂದ ನೋಡಿ, "ಮುಂದ ಓದ್ರಿ" ಎಂದ.

ಕೆಂಪಿನ ಕಣ್ಣಿನ ಸುತ್ತ ಬೆಳಕಿನ ಬಳೆ ಹಾಕಬಹುದು. ರಾಡಿಯಲ್ಲಿ ಹತ್ತಿರದ್ದು ಚೆನ್ನಾಗಿ ಕಾಣುತ್ತದೆ. ಕಪ್ಪಿನ ಗುಂಡಿ ದೊಡ್ಡದು. ತಣ್ಣೀರಿನಲ್ಲಿ ಮರಗಟ್ಟಿದ ಹೆಬ್ಬೆರಳಿಗೂ ಸಿಗುತ್ತದೆ. ಕೆಂಪು ಕೈಜಾರಿ ಬಿದ್ದರೆ ತಳದಲ್ಲಿ ಬೇಗ ಕಾಣುತ್ತದೆ ಎಂದೆ. ಬಂಡೆಪ್ಪ ತಲೆ ಅಲ್ಲಾಡಿಸಿದ. "ಇಲ್ರಿ. ನೀರಾಗ ಮೊದಲ ಸಾಯೂದ ಕೆಂಪು. ಎರಡಾಳು ಇಳದರ ಕುಂಕುಮಾನೂ ಕರೀನ." ಹೇಮಂತರ ಚೀಟಿಯಲ್ಲಿ ಈ ಮಾತು ಎಲ್ಲೂ ಇರಲಿಲ್ಲ.

ಹೀಗೆ ಸೋಮವಾರ ಕೆಂಪು ಗೆದ್ದರೆ ಬುಧವಾರ ಕಪ್ಪು ಗೆಲ್ಲುತ್ತಿತ್ತು. ಬೇರೆಯವರನ್ನು ಕೇಳೋಣ ಎಂದರೆ ಅವನಿಗೆ ಕೇಳಲು ಇದ್ದ ಬೇರೆಯವನು ನಾನೊಬ್ಬನೇ. ಕೊನೆಗೆ ಸುಗಲಮ್ಮ ತೀರ್ಪು ಕೊಟ್ಟಳು. "ಕರೀದು ತಗೊಳ್ರಿ. ಕರೀದಕ್ಕ ದೃಷ್ಟಿ ಹತ್ತಂಗಿಲ್ಲ."

"ತಂಗೀ, ಕ್ಯಾಮೆರಾಕ್ಕೆ ಯಾರ ದೃಷ್ಟಿ? ಅದ ಎಲ್ಲಾರನ್ನೂ ನೋಡೂದು" ಎಂದೆ ನಾನು. ಆ ಜಾಣತನದ ಮಾತಿನ ಬಲದಿಂದಲೇ ಕೆಂಪು ಗೆದ್ದಿತು. ಇದನ್ನು ಒಪ್ಪಿಕೊಳ್ಳದೆ ನನಗೆ ಬೇರೆ ದಾರಿಯಿಲ್ಲ.

ಮನೋಜ ನಿಯತ್ತಿನ ಮನುಷ್ಯ. ಅಂಗಡಿಯಲ್ಲೇ ಬಕೆಟ್ಟಿಗೆ ನೀರು ತುಂಬಿಸಿ ಎರಡನ್ನೂ ಹತ್ತು ನಿಮಿಷ ಮುಳುಗಿಸಿಟ್ಟ. "ದೇಖೋ ಚಾಚಾ, ದೋನೋಂ ಜಿಂದಾ" ಎಂದ, ಎರಡೂ ಬದುಕಿವೆಯೆಂದು. ಬ್ಯಾಟರಿಯ ಬಾಗಿಲು ತೆಗೆದು, ಅಂಚಿನ ರಬ್ಬರ್ ತೋರಿಸಿ, ಕ್ಯಾಮೆರಾದ ಪ್ರಾಣ ಇರುವುದು ಇದರಲ್ಲೇ ಎಂದ. ಕೈಪಿಡಿಯಲ್ಲೂ ಹಾಗೇ ಇತ್ತು. ಬಂಡೆಪ್ಪ ಕೆಂಪನ್ನು ಕೊಂಡ ಮೇಲೆ ನಾನು ಬಸ್ಸಿನಲ್ಲಿ ಅದನ್ನು ಅವನಿಗೆ ಕನ್ನಡದಲ್ಲಿ ಓದಿ ಹೇಳಿದೆ: ರಬ್ಬರಿನ ಮೇಲೆ ಒಂದು ಕೂದಲು, ಒಂದು ಮರಳ ಕಣ ಕೂತರೂ ನೀರು ಒಳಗೆ ಬರುತ್ತದೆ.

"ಕೂದಲ, ಮರಳ" ಎಂದು ಬಂಡೆಪ್ಪ ಬೆರಳು ಮಡಚಿದ. "ಆತ್ರಿ."

ಭಾನುವಾರ ಬೆಳಿಗ್ಗೆ ಬಾವಿಕಟ್ಟೆಗೆ ಬಂದಾಗ ಅವನ ತಲೆಗೆ ಬಿಗಿಯಾಗಿ ಟವೆಲ್ ಸುತ್ತಿತ್ತು, ಒಂದು ಕೂದಲೂ ಹೊರಗಿರಲಿಲ್ಲ. ಮರಳು ಹಾರಬಾರದೆಂದು ಕಟ್ಟೆಯ ಸುತ್ತ ನೀರು ಚಿಮುಕಿಸಿದ್ದ. ಅಷ್ಟು ಜಾಗ್ರತೆ. ಮಾರನೆಯ ದಿನ ಸಂಘದ ಸಭೆ. ಅದರೊಳಗೆ ತಳದ ಫೋಟೋ ಹೇಮಂತರ ಕೈ ಸೇರಬೇಕು.

ಸುಗಲಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಭಂಡಾರ, ಅವರ ಮನೆದೇವರು ಮೈಲಾರಲಿಂಗನ ಅರಿಶಿನ ಪುಡಿ. ಹೊಸದೇನು ಬಂದರೂ ಮೊದಲು ಅದಕ್ಕೆ ಭಂಡಾರ ಏರಿಸುವುದು ಅವರ ಪದ್ಧತಿ. ಮಣ್ಣು ತೋಡುವ ಸನಿಕೆಯಾದರೆ ಹಿಡಿಕೆಗೆ ಹಚ್ಚುತ್ತಾರೆ. ಪೆಟ್ಟಿಗೆ, ಕೊಡ, ಪಂಪಿನಂಥ ಬಾಯಿ ಇರುವ ವಸ್ತುವಾದರೆ ಬಾಯೊಳಗೆ ಒಂದು ಚಿಟಿಕೆ ಹಾಕಬೇಕು.

"ಅಣ್ಣಾರ, ಇದರ ಬಾಯಿ ಹ್ಯಾಂಗ ತಗಿಯೂದ್ರಿ?" ಎಂದು ನನ್ನನ್ನೇ ಕೇಳಿದಳು.

ಒಳಗೆ ಹೇಗಿದೆ ನೋಡಬೇಕೆಂದಿರಬಹುದು ಎಂದುಕೊಂಡೆ. ಎರಡು ಚಿಲಕ ಸರಿಸಿ ಬಾಗಿಲು ತೆರೆದದ್ದು ನಾನೇ. ನಾನು ಬಾಯಿ ತೆರೆಯುವ ಮೊದಲೇ ಕ್ಯಾಮೆರಾದ ಬಾಯಿಗೆ ಭಂಡಾರ ಬಿದ್ದಿತ್ತು.

"ಅಲ್ಲಿ... ಆ ರಬ್ಬರಿನ ಮ್ಯಾಲ ಪುಡಿ..." ಎಂದೆ.

"ಪುಡಿ ಅಲ್ರೀ ಅಣ್ಣಾರ, ಭಂಡಾರ" ಎಂದು ಸುಗಲಮ್ಮ ನಾಲಿಗೆ ಕಚ್ಚಿಕೊಂಡಳು, ನನ್ನ ಪರವಾಗಿ. "ಹಂಗ ಅನಬಾರದ್ರಿ. ಅವರು ಮೂರಾಳು ಕೆಳಗ ಹೊಂಟಾರ."

ನಾನು ಬಂಡೆಪ್ಪನನ್ನು ನೋಡಿದೆ. ಅವನು ಕಣ್ಣು ಮುಚ್ಚಿ "ಏಳುಕೋಟಿ" ಎಂದು ಮೈಲಾರನಿಗೆ ಕೈಮುಗಿದು, ಎರಡೂ ಚಿಲಕಗಳನ್ನು ಭಕ್ತಿಯಿಂದ ಒತ್ತಿ ಹಾಕಿದ. ಕೈಪಿಡಿಯಲ್ಲಿ ಕೂದಲು ಇತ್ತು, ಮರಳು ಇತ್ತು. ಅದನ್ನು ಬರೆದವರ ಊರಿನಲ್ಲಿ ಮೈಲಾರಲಿಂಗ ಇಲ್ಲ. ಒಂಬತ್ತು ವರ್ಷ ಗಂಡನ ಉಸಿರನ್ನು ಹಗ್ಗದ ತುದಿಯಲ್ಲಿ ಹಿಡಿದ ಹೆಂಗಸಿಗೆ, ನಿನ್ನ ದೇವರನ್ನು ಕರವಸ್ತ್ರದಿಂದ ಒರೆಸುತ್ತೇನೆ ತಾಳು ಎಂದು ಹೇಳುವ ಇಂಗ್ಲಿಷ್ ನನಗೆ ಬರುವುದಿಲ್ಲ. ಕನ್ನಡವೂ ಬರಲಿಲ್ಲ.

ಬಂಡೆಪ್ಪ ಇಳಿದ. ಮೊದಲ ಮುಳುಗಿಗೆ ಒಂದಾಳಿನಷ್ಟೇ ಹೋಗಿ, ಗುಂಡಿ ಒತ್ತಿ ನೋಡಿ ಮೇಲೆ ಬಂದು ಹಲ್ಲು ಬಿಟ್ಟ. "ಬರಾಕತ್ತಾವ್ರಿ ಫೋಟೋ!" ನನಗೂ ಮೈಲಾರಲಿಂಗನ ಮೇಲೆ ನಂಬಿಕೆ ಬಂತು. ಎರಡನೆಯ ಮುಳುಗಿಗೆ ತಳಕ್ಕೆ ಹೋದ. ಸುಗಲಮ್ಮನ ಕೈಯಲ್ಲಿ ಹಗ್ಗ ಒಮ್ಮೆ ಜಗ್ಗಿತು, ಎಲ್ಲ ಸರಿ. ಆಮೇಲೆ ಮತ್ತೊಮ್ಮೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮೂರು ಸಲ ಜಗ್ಗಿದಾಗ ಅವಳು ಎಳೆದಳು, ನಾನೂ ಕೈ ಹಾಕಿದೆ. "ನೀವು ಬಿಡ್ರಿ, ನನಗ ಅವರ ತೂಕ ತಿಳಿಯಂಗಿಲ್ಲ" ಎಂದು ಗದರಿದಳು.

ಕ್ಯಾಮೆರಾದ ಕಿಟಕಿಯ ತುಂಬ ಮಂಜು ಕವಿದಿತ್ತು. ತಳ ಮುಟ್ಟುವ ಮೊದಲೇ ದೀಪ ಆರಿತಂತೆ. ಆದರೂ ಬಂಡೆಪ್ಪ ಕತ್ತಲಲ್ಲೇ ಜಾಲರಿಗೆ ಹಿಡಿದು ಹತ್ತು ಸಲ ಗುಂಡಿ ಒತ್ತಿದ್ದ. "ಒಂದರೆ ಬಂದೀತು ಅಂತ ಒತ್ತೀನ್ರಿ" ಎಂದು ಏದುಸಿರು ಬಿಟ್ಟ.

ಸುಗಲಮ್ಮ ಒಣಬಟ್ಟೆ ತರಲು ಹೋದಾಗ ಅವನು ಬಾಗಿಲು ತೆರೆದ. ನೀರು ಸುರಿಯಿತು. ರಬ್ಬರಿನ ಒಂದು ಮೂಲೆಯಲ್ಲಿ ಹಳದಿ ಕೆಸರಿನ ಸಣ್ಣ ಗೆರೆ. ಬಂಡೆಪ್ಪ ಅದನ್ನು ನೋಡಿದ, ನನ್ನನ್ನು ನೋಡಿದ. ಹೆಬ್ಬೆರಳಿನಿಂದ ಒರೆಸಿ, ಆ ಬೆರಳನ್ನು ಹಣೆಗೆ ಹಚ್ಚಿಕೊಂಡ.

"ಸಾಹೇಬ್ರ" ಎಂದ ಮೆಲ್ಲಗೆ. "ಮಾಲ ಚಲೋ ಇರಲಿಲ್ಲ ಅಂತ ಹೇಳ್ರಿ."

"ಮನೋಜ ಪಾಪ ಬಕೆಟ್ಟಿನಾಗ ಹಾಕಿ ತೋರಿಸಿದ್ದ."

"ಹಂಗಾರ ನೀವು ಆರಿಸಿದ್ದು ತಪ್ಪಾತು ಅನ್ರಿ. ನಿಮಗ ಏನೂ ಆಗಂಗಿಲ್ಲ. ಆಕಿಗೆ ಗೊತ್ತಾದರ ಇನ್ನ ಮುಂದ ಹಗ್ಗಾ ಹಿಡಿಯಂಗಿಲ್ರಿ. ನನ್ನ ಕೈಯಿಂದ ಆತು ಅಂತ ಅನ್ನ ಬಿಡ್ತಾಳ."

ಕ್ಯಾಮೆರಾದಿಂದ ಹೊರಗೆ ತೆಗೆದ ಮೆಮೊರಿ ಕಾರ್ಡು ಮಾತ್ರ ಬದುಕಿತ್ತು. ಸಂಜೆ ಹೇಮಂತರ ಲ್ಯಾಪ್‌ಟಾಪಿಗೆ ಹಾಕಿದೆವು. ಮನೋಜನ ಬಕೆಟ್ಟಿನ ತಳದ ಎರಡು ಫೋಟೋ, ಬಹಳ ಸ್ಪಷ್ಟವಾಗಿ. ಬಾವಿಯವು ಮೂರು: ಹಸಿರು ಮಬ್ಬು, ಒಂದು ಕಲ್ಲಿನ ಅಂಚು, ಮೂರನೆಯದು ಕೆಳಗಿನಿಂದ ಮೇಲಕ್ಕೆ ತೆಗೆದದ್ದು, ನಾಣ್ಯದಷ್ಟು ದುಂಡಗಿನ ಬೆಳಕು, ಅದರ ಅಂಚಿನಿಂದ ಬಾಗಿದ ಸುಗಲಮ್ಮನ ಮುಖ, ಅವಳ ಕೈಯಿಂದ ನೇರ ನಮ್ಮ ಕಡೆಗೆ ಇಳಿದ ಹಗ್ಗ.

"ಅಯ್ಯ, ನನ್ನ ಮಾರಿ ಯಾಕ ತಗದ್ರಿ? ತಳ ತಗೀಬೇಕಿತ್ತು!" ಎಂದು ಸುಗಲಮ್ಮ ಗಂಡನ ಮೇಲೆ ರೇಗಿದಳು.

"ಕೆಳಗ ಹೋದಾಗ ನಾ ಮೊದಲ ನೋಡೂದು ಅದನ್ನ" ಎಂದ ಬಂಡೆಪ್ಪ.

ಹೇಮಂತರು ಆ ಫೋಟೋವನ್ನೇ ಬಹಳ ಹೊತ್ತು ನೋಡಿದರು. "ತುಂಬಾ ಚೆನ್ನಾಗಿದೆ ಸಾರ್. ಆದರೆ ಇದು ತಳ ಅಲ್ಲ. ಗ್ರೂಪಲ್ಲಿ ಏನಂತ ಹಾಕ್ಲಿ?"

ಮರುದಿನ ಸಭೆ ಕಂಪ್ಯೂಟರಿನಲ್ಲೇ ನಡೆಯಿತು. ಒಂಬತ್ತು ವರ್ಷ ನಲ್ಲಿಯಲ್ಲಿ ನೀರು ಬಂತಲ್ಲ, ಅದೇ ತಳದ ಫೋಟೋ ಎಂದು ನಾನು ವಾದಿಸಿದೆ. ಚೆನ್ನಾಗಿಯೇ ವಾದಿಸಿದೆ. ಅರ್ಧ ತಾಸಿನ ಮೇಲೆ ತಿಳಿಯಿತು, ಯಾರೋ ನನ್ನ ದನಿಯನ್ನು ಮೊದಲೇ ಮ್ಯೂಟ್ ಮಾಡಿ ಮುಚ್ಚಿದ್ದರು. ಬಾವಿ ಮಿಷಿನ್ ಕಂಪನಿಗೆ ಹೋಯಿತು. ಬಂಡೆಪ್ಪನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಫೋನಿನಲ್ಲಿ "ಆತ್ರಿ" ಎಂದ. ಆಮೇಲೆ, "ಆ ಮಾತು ನೆನಪೈತಲ್ರಿ?" ಎಂದ.

ದಸರೆಗೆ ಊಟಕ್ಕೆ ಕರೆದಿದ್ದರು. ಪಟಾನ್‌ಚೆರುವಿನ ಆ ಕೋಣೆಯಲ್ಲಿ ದೇವರ ಜಗಲಿಯ ಮೇಲೆ ಮೈಲಾರಲಿಂಗ, ಅವನ ಪಕ್ಕದಲ್ಲಿ ಸನಿಕೆ, ಸುರುಳಿ ಸುತ್ತಿದ ಹಗ್ಗ, ಕೆಂಪು ಕ್ಯಾಮೆರಾ. ಬಂಡೆಪ್ಪ ಆ ವಾರ ಒಂದು ಟವರಿನ ಹದಿನಾಲ್ಕನೆಯ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿದ್ದ. ಮೇಸ್ತ್ರಿ ಹೆಸರು ಕೇಳಿದನೇ ಎಂದೆ. "ಕೇಳಿಲ್ರಿ" ಎಂದ.

ಸುಗಲಮ್ಮ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ, "ಅಣ್ಣಾರ, ನಾ ಅಂದಿದ್ದೆ, ಕರೀದು ತಗೊಳ್ರಿ ಅಂತ. ಇಂಗ್ಲಿಷ್ ಸಾಲಿ ಕಲ್ತವರು ನೀವು ಕೇಳಲಿಲ್ಲ. ಕರೀದು ಇದ್ದಿದ್ದರ ಇವರು ಇವತ್ತೂ ಬಾವಿಗೆ ಇಳೀತಿದ್ರು, ಹೌದಲ್ರಿ?" ಎಂದಳು.

ಕಪ್ಪು ಕ್ಯಾಮೆರಾಕ್ಕೂ ಅದೇ ಬಾಗಿಲು, ಅದೇ ರಬ್ಬರ್. ಬಂಡೆಪ್ಪ ತಲೆ ಎತ್ತದೆ ಪಲ್ಯದಲ್ಲಿ ಏನನ್ನೋ ಹುಡುಕುತ್ತಿದ್ದ.

"ಹೌದಮ್ಮ ತಂಗೀ, ನಂದ ತಪ್ಪಾತು" ಎಂದೆ.

"ಇರಲಿ ಬಿಡ್ರಿ, ಯಾರಿಗೆ ಗೊತ್ತಿತ್ತು" ಎಂದು ಅವಳು ಉದಾರವಾಗಿ ಇನ್ನೊಂದು ರೊಟ್ಟಿ ಹಾಕಿದಳು. ಆಮೇಲೆ ಕೈ ತೊಳೆದು ಜಗಲಿಯ ಹತ್ತಿರ ಹೋಗಿ ಕ್ಯಾಮೆರಾದ ಎರಡು ಚಿಲಕ ಸರಿಸಿದಳು. ಈಗ ಅವಳಿಗೇ ತೆರೆಯಲು ಬರುತ್ತಿತ್ತು. ಹೊಸದಾಗಿ ಒಂದು ಚಿಟಿಕೆ ಭಂಡಾರ ಹಾಕಿ, ಬಾಗಿಲು ಮುಚ್ಚಿ, ನನ್ನ ಕಡೆಗೆ ಚಾಚಿದಳು.

"ಒಮ್ಮೆ ಒತ್ತಿ ನೋಡ್ರಿ ಅಣ್ಣಾರ. ಹಬ್ಬದ ದಿನ ಐತಿ."

ನಾನು ರೊಟ್ಟಿಯ ಕೈ ಒರೆಸಿಕೊಂಡು ಗುಂಡಿ ಒತ್ತಿದೆ.